ಟಿ.ವಿ. ಎದುರಿನ ಮೂರು ಮಂಚ

ಡಯಾಲಿಸಿಸ್ ವಾರ್ಡಿನಲ್ಲಿ ಇದ್ದದ್ದು ಒಂದೇ ಟಿ.ವಿ. ಅದು ನೆಟ್ಟಗೆ ಕಾಣುತ್ತಿದ್ದದ್ದು ಮೂರು ಮಂಚಗಳಿಗೆ ಮಾತ್ರ. ಉಳಿದವರಿಗೆ ಕಂಬ ಅಡ್ಡ, ಇಲ್ಲವೇ ಕಿಟಕಿಯ ಬೆಳಕು ಅಡ್ಡ. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನದ ಸರದಿಯಲ್ಲಿ ಆ ಮೂರು ಮಂಚಗಳ ಮೇಲೆ ಬೇರೆಯವರು ಕಣ್ಣು ಹಾಕುವ ಹಾಗಿರಲಿಲ್ಲ. ಗೋಡೆಯ ಪಕ್ಕದ್ದು ಡ್ರೈವರನದು, ನಡುವಿನದು ಟೇಲರಮ್ಮನದು, ಬಾಗಿಲ ಕಡೆಯದು ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಗುಮಾಸ್ತರದು.

ಡ್ರೈವರ್ ಇಪ್ಪತ್ತು ವರ್ಷಕ್ಕೂ ಮೇಲೆ ಸಿಟಿ ಬಸ್ಸು ಓಡಿಸಿದವನು. ಸ್ಟೇರಿಂಗ್ ಹಿಡಿದು ಕೂತರೆ ಅವನ ಬಾಯಿಗೆ ಬಿಡುವಿರಲಿಲ್ಲ. ಅಡ್ಡ ನುಗ್ಗಿದ ಬೈಕಿನವನು, ಮೈಮರೆತು ನಡೆಯುವ ಪಾದಚಾರಿ, ಕೆಂಪಿಗೆ ತಿರುಗಿದ ಸಿಗ್ನಲ್ಲು, ಯಾರನ್ನೂ ಯಾವುದನ್ನೂ ಅವನು ಸುಮ್ಮನೆ ಬಿಟ್ಟವನಲ್ಲ. "ಇಷ್ಟೊಂದು ಕೂಗಾಡ್ತೀರಲ್ಲ, ಒಂದು ಸಲ ಬಿ.ಪಿ. ನೋಡಿಸ್ಕೊಳ್ಳಿ" ಎಂದು ಹೆಂಡತಿ ಹೇಳಿದಾಗಲೆಲ್ಲ "ಬಸ್ಸಿಗೇ ಹೊತ್ತಿಗೆ ಸರಿಯಾಗಿ ಸರ್ವಿಸ್ ಇಲ್ಲ, ಇನ್ನು ಡ್ರೈವರಿಗೆ ಯಾತರದ್ದು" ಎಂದು ನಗೆಯಾಡಿ ತೇಲಿಸಿಬಿಡುತ್ತಿದ್ದ. ಕೊನೆಗೆ ಪಾದ ಊದಿಕೊಂಡು ಬೂಟು ಹತ್ತದೆ ಆಸ್ಪತ್ರೆಗೆ ಬಂದಾಗ ಎರಡು ಕಿಡ್ನಿಗಳೂ ಕೈಕೊಟ್ಟಿದ್ದವು. ಬಸ್ಸು ಹೋಯಿತು. ಮನಸ್ಸಿಗೆ ಬಂದಷ್ಟು ನೀರು ಕುಡಿಯುವುದೂ ಹೋಯಿತು. ಎಲ್ಲಿಗಾದರೂ ಹೊರಟರೆ ನಡುವಿನ ದಿನ ನೋಡಿಕೊಂಡು ಹೊರಡಬೇಕು, ಅದೂ ಮರುದಿನ ವಾಪಸು ಬರುವಷ್ಟೇ ದೂರ. ಎಡಗೈಗೆ ಎರಡು ಸೂಜಿ ಚುಚ್ಚಿಸಿಕೊಂಡು, ತನ್ನ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ಒಳಗೆ ಬರುವುದನ್ನು ನೋಡುತ್ತ ಮಲಗಿದವನಿಗೆ ಬೈಯಲು ಜಗತ್ತಿನಲ್ಲಿ ಯಾರೂ ಉಳಿದಿರಲಿಲ್ಲ.

ಆಗ ಶುರುವಾಯಿತು ರಗ್ಬಿ ವಿಶ್ವಕಪ್ಪು. ಡ್ರೈವರನಿಗೆ ರೆಫ್ರಿ ಸಿಕ್ಕ.

"ನೋಡ್ರಿ, ನೋಡ್ರಿ! ಚೆಂಡು ಮುಂದಕ್ಕೆ ಎಸೆದ! ಹಿಂದಕ್ಕೆ ಎಸೀಬೇಕಾದ್ದು ನಿಯಮ. ಇಷ್ಟು ದೂರದಲ್ಲಿ ಮಲಗಿರೋ ನನಗೇ ಕಾಣ್ತದೆ, ಅಲ್ಲೇ ಓಡ್ತಾ ಇರೋ ಆ ಮಹಾರಾಯನಿಗೆ ಕಾಣಲ್ವಾ?"

"ಕಾಣದಿದ್ರೆ ಇಲ್ಲ ಅಂತಲೇ ಅರ್ಥ" ಎನ್ನುವರು ಗುಮಾಸ್ತರು. ನಲವತ್ತು ವರ್ಷ ತೀರ್ಪುಗಳ ನಡುವೆ ಕೂತವರು ಅವರು. "ರೆಫ್ರಿ ಊದಿದ್ದೇ ತೀರ್ಪು. ಮೇಲ್ಮನವಿಗೆ ಅವಕಾಶ ಇಲ್ಲ."

"ಹಾಗಾದ್ರೆ ಅನ್ಯಾಯ ಆದವರು ಎಲ್ಲಿಗೆ ಹೋಗ್ಬೇಕು?"

"ಮನೆಗೆ."

ನಡುವಿನ ಮಂಚದ ಟೇಲರಮ್ಮನಿಗೆ ಮೊದಮೊದಲು ಈ ಆಟ ಎಂದರೆ ಆಗುತ್ತಿರಲಿಲ್ಲ. ಶಾಲೆಯ ಮಕ್ಕಳ ಯೂನಿಫಾರಂ ಹೊಲಿದು ಸಂಸಾರ ತೂಗಿಸುತ್ತಿದ್ದ ಹೆಂಗಸು, ಡ್ರೈವರನಿಗಿಂತ ಹದಿನೈದು ವರ್ಷವಾದರೂ ಚಿಕ್ಕವಳು. ಎರಡನೆಯ ಬಾಣಂತನದಲ್ಲಿ ಹದಗೆಟ್ಟ ಕಿಡ್ನಿ ಮತ್ತೆ ಸುಧಾರಿಸಲೇ ಇಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. "ಇದೇನು ಚೆಂಡಾಟವೋ ಕುಸ್ತಿಯೋ? ಹೊಸ ಬಟ್ಟೆ ಹಿಡಿದು ಎಳೆದಾಡ್ತಾರಲ್ಲ, ಹೊಲಿದವರ ಹೊಟ್ಟೆ ಉರಿಯಲ್ವಾ?" ಎಂದು ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆದರೆ ಕೈ ಅಲುಗಾಡಿಸದೆ ನಾಲ್ಕು ಗಂಟೆ ಮಲಗಿದವಳು ಎಷ್ಟು ಹೊತ್ತು ಗೋಡೆ ನೋಡಿಯಾಳು? ಒಂದು ದಿನ ಕೆಂಪು ಅಂಗಿಯವರ ಪಂದ್ಯ ಶುರುವಾಗುವ ಮೊದಲು ಸುಮ್ಮನೆ ಒಂದು ಮಾತು ಆಡಿದಳು:

"ಅಣ್ಣ, ಆ ಕೆಂಪಂಗಿ ಕಂಕುಳ ಹತ್ರ ಬಿಗಿಯಾಗಿದೆ ನೋಡಿ. ಕೈ ಎತ್ತಿದ್ರೆ ಹಿಡೀತದೆ. ಇವರು ಗೆಲ್ಲಲ್ಲ."

ಕೆಂಪಂಗಿಯವರು ಸೋತರು. ಎಲ್ಲರೂ ನಕ್ಕು ಬಿಟ್ಟರು. ಮುಂದಿನ ಸಲ ಅವಳು ಬಿಳಿಯಂಗಿಯವರು ಸೋಲುತ್ತಾರೆಂದಳು, ಸೋತರು. ಅದರ ಮುಂದಿನ ಸಲ ಅಂತರವನ್ನೂ ಹೇಳಿದಳು, ಹೆಚ್ಚುಕಡಿಮೆ ಅಷ್ಟೇ ಆಯಿತು. ಆಮೇಲೆ ಬೆಳಗಿನ ಸರದಿಯ ರೋಗಿಗಳು ಮನೆಗೆ ಹೋಗುವ ಮುನ್ನ ಅವಳ ದಾರಿ ಕಾಯತೊಡಗಿದರು. "ಟೇಲರಮ್ಮ, ನಾಳೆ ಯಾರದು?" ಎಂದು ನೆಲ ಒರೆಸುವವಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಕೇಳುವವರೇ. "ನನಗೇನು ಗೊತ್ತು, ಬಾಯಿಗೆ ಬಂದದ್ದು ಹೇಳ್ತೀನಿ" ಎಂದು ಅವಳು ನಗುತ್ತಿದ್ದಳು. ರೆಫ್ರಿಯ ಬಗ್ಗೆ ಮಾತ್ರ ಅವಳದು ಕನಿಕರ. "ಪಾಪ, ಅವನೊಬ್ಬ, ಇವರು ಮೂವತ್ತು ಜನ. ಮೂವತ್ತು ಯೂನಿಫಾರಂ ಒಟ್ಟಿಗೆ ಕತ್ತರಿಸಿದ್ರೆ ನನ್ನ ಕೈಲೂ ಒಂದು ಸೊಟ್ಟ ಆಗ್ತದೆ."

"ನೀನು ಹಾಗೇ ಎಲ್ಲರಿಗೂ ಪಾಪ ಪಾಪ ಅನ್ಕೊಂಡಿರು ತಂಗಿ" ಎಂದು ಡ್ರೈವರ್ ಸಿಡುಕುವನು. ಸಿಡುಕಿದರೂ ಅವಳು ಬರುವುದು ತಡವಾದರೆ ಬಾಗಿಲ ಕಡೆಗೇ ಅವನ ಕಣ್ಣು. ಇಬ್ಬರದೂ ಒಂದೇ ರಕ್ತದ ಗುಂಪು. ಅಣ್ಣ ತಂಗಿ ಅಂದದ್ದು ಬರೀ ಬಾಯಿಮಾತಲ್ಲ ಎಂದು ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಬೇರೆಯವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ಇಬ್ಬರೂ ಇದ್ದರು. ಗುಮಾಸ್ತರು ಇರಲಿಲ್ಲ. ವಯಸ್ಸಾಯಿತೆಂದು ಡಾಕ್ಟರು ಸೇರಿಸಿರಲಿಲ್ಲ.

ಕ್ವಾರ್ಟರ್ ಫೈನಲ್ಲಿನಲ್ಲಿ, ಊರೆಲ್ಲ ನಮ್ಮದೆಂದೇ ಹಚ್ಚಿಕೊಂಡಿದ್ದ ತಂಡ ಹಳದಿಯವರ ಮೇಲೆ ಆಡುತ್ತಿದ್ದಾಗ ರಾದ್ಧಾಂತವೇ ಆಯಿತು. ನಮ್ಮವನೊಬ್ಬ ಗೆರೆ ದಾಟಿ ಚೆಂಡು ನೆಲಕ್ಕೆ ಒತ್ತಿದ. ಹಾಗೆ ಒತ್ತಿದರೆ ಅಂಕ. ರೆಫ್ರಿ ಕೈ ಎತ್ತಲಿಲ್ಲ. ಗಾಳಿಯಲ್ಲಿ ಬೆರಳಿಂದ ಚೌಕ ಬರೆದು, ದೃಶ್ಯ ಮತ್ತೆ ನೋಡಿ ಹೇಳುವ ಟಿ.ವಿ. ರೆಫ್ರಿಯನ್ನು ಕೇಳಿದ. ಮತ್ತೆ ಮತ್ತೆ ತೋರಿಸಿ, ಕೊನೆಗೆ ಚೆಂಡು ಬೆರಳಿಂದ ಜಾರಿತ್ತು, ಅಂಕ ಇಲ್ಲ ಎಂದರು. "ಕಳ್ಳ! ಕಣ್ಣಿಲ್ಲದವನೇ!" ಎಂದು ಡ್ರೈವರ್ ಮಂಚದ ಮೇಲೆ ಅರ್ಧ ಎದ್ದ. ಕೈ ಮಡಚಿತು, ಮೆಷಿನ್ನು ಕೀ ಕೀ ಎಂದು ಅರಚಿಕೊಂಡಿತು. ಸಿಸ್ಟರು ಓಡಿಬಂದು ಬಿ.ಪಿ. ನೋಡಿ ಹೌಹಾರಿ ಮೊದಲು ಟಿ.ವಿ. ಆರಿಸಿದರು.

"ಆಟ ಬೇಕೋ ಪ್ರಾಣ ಬೇಕೋ ನಿಮಗೆ?"

"ಎರಡೂ ಬೇಕು ಸಿಸ್ಟರ್" ಎಂದರು ಗುಮಾಸ್ತರು. "ಆದ್ರೆ ಆಟ ಇನ್ನು ಸ್ವಲ್ಪ ಹೊತ್ತಿಗೆ ಮುಗೀತದೆ, ಮೊದಲು ಅದನ್ನ ಹಾಕಿ."

ವಾರ್ಡೆಲ್ಲ ಗೊಳ್ಳೆಂದಿತು. ಸಿಸ್ಟರೂ ನಗು ತಡೆಯಲಾರದೆ ಹಾಕಿದರು. ನಮ್ಮವರು ಗೆದ್ದರು, ಟೇಲರಮ್ಮ ಹೇಳಿದ ಹಾಗೇ.

ಸೆಮಿಫೈನಲ್ಲು ಬಲಿಷ್ಠರಾದ ನೀಲಿಯವರ ಮೇಲೆ, ಶನಿವಾರ. ಅದರ ಹಿಂದಿನ ಗುರುವಾರ ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಹೇಳಲು ಹಿಂದೆಮುಂದೆ ನೋಡಿದಳು. ಒತ್ತಾಯ ಮಾಡಿದ ಮೇಲೆ, "ಸೋಲ್ತೀವಿ ಅಣ್ಣ. ಒಂದೇ ಒಂದು ಅಂಕದಲ್ಲಿ" ಎಂದಳು.

ಡ್ರೈವರನಿಗೆ ರೇಗಿಹೋಯಿತು. "ಒಳ್ಳೇದು ನುಡಿಯೋಕೆ ಆಗದಿದ್ರೆ ಬಾಯಿ ಮುಚ್ಕೊಂಡಿರಬೇಕು" ಎಂದು ಬಿಟ್ಟ. ಅವಳ ಮುಖ ಸಪ್ಪಗಾಯಿತು. ಸೂಜಿ ತೆಗೆದ ಮೇಲೆ ದಿನವೂ "ಬರ್ತೀನಿ ತಂಗಿ" ಎಂದು ಹೇಳಿ ಹೋಗುವವನು ಅಂದು ತುಟಿ ಬಿಚ್ಚದೆ ಹೋದ.

ಶನಿವಾರ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಫೋನು ಬಂತು. ಆಸ್ಪತ್ರೆಯಿಂದ. ದೂರದ ಊರಿನಲ್ಲಿ ಅಪಘಾತವಾಗಿ ಒಬ್ಬ ತೀರಿಕೊಂಡಿದ್ದಾನೆ. ಅವನ ಒಂದು ಕಿಡ್ನಿ ಇಲ್ಲಿಗೆ ಬರುತ್ತದೆ. ಏನೂ ತಿನ್ನದೆ, ಕುಡಿಯದೆ ಕೂಡಲೇ ಬರಬೇಕು. "ಇನ್ನೊಬ್ಬರನ್ನೂ ಕರೆದಿದ್ದೀವಿ. ಇಬ್ಬರ ರಕ್ತಾನೂ ಪರೀಕ್ಷೆ ಮಾಡ್ತೀವಿ. ಯಾರಿಗೆ ಹೊಂದುತ್ತೋ ಅವರಿಗೆ. ಆಸೆ ಇಟ್ಕೊಳ್ಳಿ, ಆದ್ರೆ ಪೂರ್ತಿ ಇಟ್ಕೋಬೇಡಿ" ಎಂದಿತು ಆ ಕಡೆಯ ದನಿ.

ಹೆಂಡತಿ ಒಲೆ ಆರಿಸಿ, ಉಟ್ಟ ಬಟ್ಟೆಯಲ್ಲೇ ಹೊರಟಳು. ದಾರಿಯುದ್ದಕ್ಕೂ ಅವನ ಕೈ ಬಿಡಲಿಲ್ಲ.

ಮೂರನೆಯ ಮಹಡಿಯ ಹಜಾರದಲ್ಲಿ ಬೆಂಚಿನ ಮೇಲೆ ಕೂತಿದ್ದ ಇನ್ನೊಬ್ಬರು ಟೇಲರಮ್ಮ. ಪಕ್ಕದಲ್ಲಿ ಅವಳ ಗಂಡ, ಮಡಿಲಲ್ಲಿ ಬಟ್ಟೆಯ ಚೀಲ.

"ಅಣ್ಣ... ನೀವಾ?"

"ಹ್ಞೂಂ" ಎಂದ. ಎದುರಿನ ಬೆಂಚಿನಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಒಬ್ಬಳು ಬಂದು ಇಬ್ಬರ ರಕ್ತವನ್ನೂ ತೆಗೆದುಕೊಂಡು ಹೋದಳು. ಎರಡು ಶೀಷೆಗಳು ಒಂದೇ ತಟ್ಟೆಯಲ್ಲಿ ಹೋದವು.

ಹಜಾರದಲ್ಲೂ ಟಿ.ವಿ. ಇತ್ತು. ಮಧ್ಯಾಹ್ನವಾಗುತ್ತಲೇ ಪಂದ್ಯ ಶುರುವಾಯಿತು. ಬೇರೆ ರೋಗಿಗಳ ಮನೆಯವರು, ಅಟೆಂಡರುಗಳು, ಊಟಕ್ಕೆ ಬಿಡುವು ಮಾಡಿಕೊಂಡ ಕಚೇರಿಯವರು ಎಲ್ಲ ಅಲ್ಲಿ ಸೇರಿದರು. ನಮ್ಮ ನಾಯಕ ಎದುರಾಳಿಯ ಕುತ್ತಿಗೆಗೆ ಕೈ ಹಾಕಿದನೆಂದು ರೆಫ್ರಿ ಹಳದಿ ಚೀಟಿ ತೋರಿಸಿ ಹತ್ತು ನಿಮಿಷ ಹೊರಗೆ ಕೂರಿಸಿದ. ಹಜಾರದಲ್ಲಿ ಗುಲ್ಲೋ ಗುಲ್ಲು. ಭುಜಕ್ಕೆ ಬಿದ್ದದ್ದು ಎನ್ನುವವರು ಕೆಲವರು, ಕುತ್ತಿಗೆಗೇ ಎನ್ನುವವರು ಕೆಲವರು.

"ಅನ್ಯಾಯ ಅಲ್ವಾ ಅಣ್ಣ ಇದು?" ಎಂದ ಟೇಲರಮ್ಮನ ಗಂಡ, ಮಾತಿಗೊಂದು ಎಳೆ ಸಿಕ್ಕಿತೆಂಬಂತೆ.

"ಇರಬಹುದು" ಎಂದ ಡ್ರೈವರ್. ಅಷ್ಟೇ.

ಅವನ ಕಣ್ಣು ಟಿ.ವಿ.ಯ ಮೇಲಿತ್ತು, ಕಿವಿ ಕೊನೆಯ ಬಾಗಿಲಿನ ಮೇಲೆ. ಒಳಗೆ ಒಂದು ಮನಸ್ಸು ಹೇಳುತ್ತಿತ್ತು: ಅವಳು ಚಿಕ್ಕವಳು, ಮನೆಯಲ್ಲಿ ಮಕ್ಕಳಿದ್ದಾವೆ, ಅವಳಿಗೇ ಸಿಗಲಿ. ಆ ಮಾತು ಮುಗಿಯುವ ಮೊದಲೇ ಇನ್ನೊಂದು ಮನಸ್ಸು ಅದನ್ನು ತಳ್ಳಿಕೊಂಡು ಮುಂದೆ ಬರುತ್ತಿತ್ತು. ಒಮ್ಮೆ ಟೇಲರಮ್ಮ ಸೆರಗು ಬಾಯಿಗಿಟ್ಟು ಕೆಮ್ಮಿದಳು. ಕೆಮ್ಮು ಇದ್ದವರಿಗೆ ಆಪರೇಷನ್ ಮಾಡುವುದಿಲ್ಲವೇನೋ ಎಂಬ ಯೋಚನೆ ಅವನ ತಲೆಯಲ್ಲಿ ಸುಳಿದುಹೋಯಿತು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಕೆಳಗೆ ಆಂಬುಲೆನ್ಸ್ ನಿಲ್ಲುವ ಜಾಗದಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯಲು ಹೆಣಗುತ್ತಿದ್ದರು. ಬೈಯಬೇಕೆಂದೂ ತೋಚಲಿಲ್ಲ.

ಅರ್ಧ ಆಟ ಮುಗಿದು ಮತ್ತೆ ಶುರುವಾಗುವ ಹೊತ್ತಿಗೆ ಡಾಕ್ಟರು ಬಾಗಿಲು ತೆರೆದು ಮೊದಲು ಟೇಲರಮ್ಮನನ್ನೂ ಗಂಡನನ್ನೂ ಒಳಗೆ ಕರೆದರು. ಮೊದಲು ಕರೆದರೆ ಅವಳಿಗೇ ಎಂದುಕೊಂಡ ಡ್ರೈವರ್. ಹೆಂಡತಿ ತಲೆ ತಗ್ಗಿಸಿ ಕೂತಳು.

ಅವರು ಬೇಗ ಹೊರಗೆ ಬಂದರು. ಗಂಡ ನೆಟ್ಟಗೆ ಮೆಟ್ಟಿಲ ಕಡೆ ಹೋಗಿಬಿಟ್ಟ. ಅವಳು ಬೆಂಚಿನಲ್ಲಿ ಕೂತು ಚೀಲದ ದಾರವನ್ನು ಬಿಗಿಯಾಗಿ ಎಳೆದು ಗಂಟು ಹಾಕಿದಳು.

"ನನ್ನ ರಕ್ತ ಆ ಕಿಡ್ನಿ ಜೊತೆ ಜಗಳ ಆಡ್ತದಂತೆ ಅಣ್ಣ. ಮಕ್ಕಳನ್ನ ಹೆತ್ತವರಲ್ಲಿ ಕೆಲವರಿಗೆ ಹಾಗಾಗ್ತದಂತೆ. ಒಳಗೆ ಕರೀತಿದ್ದಾರೆ, ಹೋಗಿ."

ಒಳಗೆ ಡಾಕ್ಟರು ಕೂರಲು ಹೇಳಿದರು. ಹೊಂದಿಕೆಯಾಗಿದೆ, ಇನ್ನು ತಡ ಮಾಡುವ ಹಾಗಿಲ್ಲ, ಇಲ್ಲಿ ಸಹಿ ಹಾಕಿ ಎಂದರು. ಡ್ರೈವರ್ ಪೆನ್ನು ಹಿಡಿದವನು ತಡೆದ.

"ಸಾರ್, ಆ ಹುಡುಗಿಗೇ ಕೊಟ್ಟುಬಿಡಿ. ಚಿಕ್ಕ ಚಿಕ್ಕ ಮಕ್ಕಳಿದ್ದಾರೆ."

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. "ಅವರಿಗೆ ಕೊಟ್ರೆ ಅವರ ಮೈ ಅದನ್ನ ಇಟ್ಕೊಳ್ಳಲ್ಲ. ಗಂಟೆಯೊಳಗೆ ಹಾಳಾಗ್ತದೆ. ನೀವು ಬೇಡ ಅಂದ್ರೆ ಇದು ಬೇರೆ ಊರಿಗೆ ಹೋಗ್ತದೆ, ಅವರಿಗಂತೂ ಬರಲ್ಲ. ಇದು ನೀವು ಕೊಡೋದು, ಅವರು ತಗೊಳ್ಳೋದು ಅನ್ನೋ ವಿಷಯ ಅಲ್ಲ."

ಡ್ರೈವರ್ ಸಹಿ ಹಾಕಿದ. ತಾನು ಹಾಗೆ ಕೇಳಿದ್ದು ನಿಜವಾಗಿ ಕೊಡಲಿಕ್ಕೋ, ಇಲ್ಲ ಎನ್ನಿಸಿಕೊಳ್ಳಲಿಕ್ಕೋ ಎಂಬುದು ಅವನಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಆಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಎದೆಯೊಳಗೆ ಏನೋ ಹಗುರಾದದ್ದಂತೂ ಸುಳ್ಳಲ್ಲ.

ಹೊರಗೆ ಬಂದಾಗ ಟೇಲರಮ್ಮ ಅವನ ಹೆಂಡತಿಯ ಬೆನ್ನು ಸವರುತ್ತಿದ್ದಳು. ಅಳುತ್ತಿದ್ದದ್ದು ಇವಳು, ಸಮಾಧಾನ ಮಾಡುತ್ತಿದ್ದದ್ದು ಅವಳು.

"ತಂಗಿ..." ಎಂದ ಡ್ರೈವರ್.

"ಹೋಗಿ ಅಣ್ಣ, ಹೊತ್ತಾಗ್ತದೆ. ನನಗೂ ಹೊತ್ತಾಯ್ತು. ಇವತ್ತು ಶನಿವಾರ ಅಲ್ವಾ, ಕೆಳಗೆ ಮೆಷಿನ್ನು ಹಾಗೇ ಇಟ್ಟಿದ್ದಾರಂತೆ" ಎಂದು ಚೀಲ ಎತ್ತಿಕೊಂಡಳು. ಮೂರನೆಯ ಮಹಡಿಯಿಂದ ಇಳಿದು ನೆಟ್ಟಗೆ ತನ್ನ ಮಂಚಕ್ಕೇ ಹೋದಳು.

ಡ್ರೈವರನಿಗೆ ಎಚ್ಚರವಾದಾಗ ಮರುದಿನದ ಬೆಳಕು. ಗಂಟಲು ಒಣಗಿ ಮಾತು ಹೊರಡದು. "ಏನಾಯ್ತು?" ಎಂದು ಪಿಸುಗುಟ್ಟಿದ.

"ಚೆನ್ನಾಗಿ ಆಯ್ತು, ಮೂತ್ರ ಬರ್ತಾ ಇದೆ" ಎಂದಳು ನರ್ಸು ಖುಷಿಯಿಂದ.

"ಅದಲ್ಲಮ್ಮ. ಪಂದ್ಯ."

ಒಂದು ಅಂಕದಲ್ಲಿ ಸೋತಿದ್ದರು. ಕೊನೆಯ ಗಳಿಗೆಯಲ್ಲಿ ರೆಫ್ರಿ ಕೊಟ್ಟ ಪೆನಾಲ್ಟಿಯಲ್ಲಿ. ಊರಿಗೆ ಊರೇ ರೆಫ್ರಿಯ ಜನ್ಮ ಜಾಲಾಡುತ್ತಿತ್ತು. ಗಾಜಿನ ಆಚೆ ಅಟೆಂಡರುಗಳಿಬ್ಬರು ಅದನ್ನೇ ಹಿಡಿದು ಜಗ್ಗಾಡುತ್ತಿದ್ದರು. ಒಬ್ಬ, "ನೀವೇ ಹೇಳಿ ಡ್ರೈವರಣ್ಣ, ಅದು ಪೆನಾಲ್ಟೀನಾ?" ಎಂದು ಗಾಜಿಗೆ ಮುಖ ಒತ್ತಿ ಕೇಳಿದ. ಡ್ರೈವರ್ ಕಣ್ಣು ಮುಚ್ಚಿಕೊಂಡ.

ವಾರ ಕಳೆದ ಮೇಲೆ ಗುಮಾಸ್ತರು ಫೋನು ಮಾಡಿದರು. ಅಂದು ಕೆಳಗೆ ನಡೆದದ್ದನ್ನು ಹೇಳಿದವರು ಅವರೇ. ಟೇಲರಮ್ಮ ಬಂದವಳೇ ಕೈ ಚಾಚಿ ಮಲಗಿದಳಂತೆ. ಮೇಲೆ ಏನಾಯಿತೆಂದು ಯಾರಿಗೂ ಹೇಳಲಿಲ್ಲವಂತೆ. ಸೂಜಿ ಹಾಕಿಸಿಕೊಂಡು ಉಳಿದ ಆಟವನ್ನು ನೋಡಿದಳಂತೆ. ಸೀಟಿ ಊದಿ ಪಂದ್ಯ ಮುಗಿದಾಗ ಅವಳು ಅಳತೊಡಗಿದಳು. ಸಿಸ್ಟರು ಏನಾಯಿತಮ್ಮ ಎಂದರೆ, "ನಮ್ಮವರು ಸೋತ್ರಲ್ಲ" ಎಂದಳಂತೆ. ವಾರ್ಡಿನಲ್ಲಿ ಅರ್ಧ ಜನ ಅಳುಮೋರೆ ಹಾಕಿಕೊಂಡೇ ಇದ್ದರು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. "ನನಗೂ ಬರಲಿಲ್ಲ ನೋಡಪ್ಪ" ಎಂದರು ಗುಮಾಸ್ತರು. "ನಾನು ಅವಳ ಪಕ್ಕದಲ್ಲೇ ಮಲಗಿ, ಆ ಪೆನಾಲ್ಟಿ ನ್ಯಾಯವಾದ್ದೇ ಅಂತ ವಾದ ಮಾಡ್ತಾ ಇದ್ದೆ."

ಡ್ರೈವರ್ ಅವಳಿಗೆ ಫೋನು ಮಾಡಲು ಎಷ್ಟೋ ಸಲ ಕೈಗೆತ್ತಿಕೊಂಡು ಕೆಳಗಿಟ್ಟ. ಕೊನೆಗೆ ಹೆಂಡತಿಯೇ ನಂಬರು ಒತ್ತಿ ಕೊಟ್ಟಳು. ಟೇಲರಮ್ಮನ ದನಿ ಎಂದಿನಂತೆ ಇತ್ತು.

"ನೀರು ಕುಡಿದ್ರಾ ಅಣ್ಣ? ಒಂದು ಚೊಂಬು, ಒಂದೇ ಉಸಿರಿಗೆ?"

"ಕುಡಿದೆ ತಂಗಿ."

"ಹೇಗಿತ್ತು?"

ಹೇಗಿತ್ತೆಂದು ಹೇಳುವುದು? ಕುಡಿಯದೆ ಬಿಟ್ಟರೆ ಕಿಡ್ನಿ ಹಾಳು ಎಂದು ಡಾಕ್ಟರು ಎಚ್ಚರಿಸಿದ್ದರಿಂದ ಗಂಟೆಗೊಮ್ಮೆ ಹೆಂಡತಿ ಲೋಟ ಹಿಡಿದು ನಿಲ್ಲುತ್ತಿದ್ದಳು. ಪ್ರತಿ ಲೋಟವೂ ಗಂಟಲಲ್ಲಿ ಒಂದು ಗಳಿಗೆ ನಿಂತು ಇಳಿಯುತ್ತಿತ್ತು. "ನೀರಿನ ಹಾಗೇ ಇತ್ತು" ಎಂದ. ಅವಳು ನಕ್ಕಳು. ಗುರುವಾರ ಅಂದದ್ದು ಮನಸ್ಸಿನಲ್ಲಿಟ್ಕೋಬೇಡ ಎಂದು ಹೇಳಬೇಕೆಂದಿದ್ದ. ಅಷ್ಟರಲ್ಲಿ ಅವಳು, ಹೊಲಿಗೆಗೆ ಯಾರೋ ಬಂದರೆಂದು ಫೋನಿಟ್ಟಳು.

ತಿಂಗಳುಗಳು ಕಳೆದವು. ಡ್ರೈವರನಿಗೆ ಮತ್ತೆ ಬಸ್ಸು ಸಿಗಲಿಲ್ಲ. ಜನಜಂಗುಳಿಯಲ್ಲಿ ಸೋಂಕು ತಗಲುತ್ತದೆಂದು ಡಿಪೋದ ಒಳಕೋಣೆಯಲ್ಲಿ ಬಸ್ಸುಗಳ ವೇಳೆ ನೋಡುವ ಕೆಲಸ ಕೊಟ್ಟರು. ಊಟದ ಹೊತ್ತಿನಲ್ಲಿ ಡ್ರೈವರುಗಳು ಆ ಸೆಮಿಫೈನಲ್ಲನ್ನು ಇನ್ನೂ ಅಗಿಯುತ್ತಿದ್ದರು. ಇವನು ಮುಖಗವಸು ಹಾಕಿಕೊಂಡು ದೂರದಲ್ಲಿ ಕೂತಿರುತ್ತಿದ್ದ. "ಏನಣ್ಣ, ಹೊಸ ಕಿಡ್ನಿ ಜೊತೆ ಹೊಸ ಬಾಯೀನೂ ಹಾಕಿದ್ರಾ? ಮಾತೇ ಇಲ್ಲ" ಎಂದು ಅವರು ಕಿಚಾಯಿಸುವರು. ಅವನು ಕೈ ಬೀಸಿಬಿಡುವನು.

ಅಷ್ಟರಲ್ಲಿ ಟೇಲರಮ್ಮನಿಗೆ ಇನ್ನೊಂದು ಕರೆ ಬಂದಿತ್ತಂತೆ. ಅದೂ ಹೊಂದಲಿಲ್ಲ. ಕೈಯ ರಕ್ತನಾಳ ಕಟ್ಟಿಕೊಂಡು, ಆಪರೇಷನ್ನಾಗಿ, ಈಗ ಇನ್ನೊಂದು ಕೈಗೆ ಸೂಜಿ ಹಾಕುತ್ತಾರಂತೆ. ಕತ್ತರಿ ಹಿಡಿಯುವ ಕೈ ಅದು. ಇದನ್ನು ಹೇಳಿದವರೂ ಗುಮಾಸ್ತರೇ. "ನಿನ್ನ ಮಂಚಕ್ಕೆ ಒಬ್ಬ ಬೇಕರಿಯವನು ಬಂದಿದ್ದಾನೆ. ಅವನಿಗೆ ಆಟ ಅಂದ್ರೆ ಆಗಲ್ಲ. ಧಾರಾವಾಹಿ ಹಾಕಿಸ್ತಾನೆ" ಎಂದು ನಿಟ್ಟುಸಿರಿಟ್ಟರು.

ತಪಾಸಣೆಗೆಂದು ಹೋದ ಒಂದು ಶನಿವಾರ ಡ್ರೈವರ್ ವಾರ್ಡಿನ ಹತ್ತಿರ ಹೋದ. ಸಿಸ್ಟರು ಬಾಗಿಲಲ್ಲೇ ತಡೆದರು. "ಒಳಗೆ ಬೇಡಪ್ಪ, ನಿನಗೆ ಒಳ್ಳೇದಲ್ಲ. ಹೊರಗೆ ಕೂತ್ಕೋ, ಟೇಲರಮ್ಮಂದು ಮುಗೀತಾ ಬಂತು."

ಅವನು ಬೆಂಚಿನಲ್ಲಿ ಕೂತ. ಕೈಗೆ ಹತ್ತಿ ಒತ್ತಿಕೊಂಡು ಟೇಲರಮ್ಮ ಹೊರಗೆ ಬಂದಳು. ಮುಖ ಕಪ್ಪಿಟ್ಟಿತ್ತು, ರವಿಕೆಯ ತೋಳು ಸಡಿಲವಾಗಿ ಜೋಲುತ್ತಿತ್ತು. ಅವನನ್ನು ಕಂಡದ್ದೇ ಹಲ್ಲು ಬಿಟ್ಟು ನಕ್ಕಳು. ಮುಖಗವಸು ನೋಡಿ ತಾನೇ ಎರಡು ಮೊಳ ದೂರದಲ್ಲಿ ಕೂತಳು.

"ದಪ್ಪ ಆಗಿದ್ದೀರಿ ಅಣ್ಣ."

"ಮಾತ್ರೆಗಳದ್ದು ಅದು, ತಂಗಿ. ಮಕ್ಕಳು?"

"ದೊಡ್ಡವಳು ಗುಂಡಿ ಹೊಲೀತಾಳೆ ಈಗ. ನನ್ನ ಈ ಕೈ ಸ್ವಲ್ಪ ನಡುಗ್ತದೆ."

ಅವನು ಆ ಕೈಯನ್ನೇ ನೋಡಿದ. "ನನ್ನಿಂದ ಏನಾದ್ರೂ ಆಗೋ ಹಾಗಿದ್ರೆ..." ಎಂದ. ಆಗುವುದು ಏನೂ ಇಲ್ಲವೆಂದು ಹೇಳುವಾಗಲೇ ಇಬ್ಬರಿಗೂ ಗೊತ್ತಿತ್ತು. ಅವಳ ಕಣ್ಣು ಅವನ ಸೊಂಟದ ಮೇಲಿತ್ತು.

"ಯಾಕೆ ಪ್ಯಾಂಟು ಹಿಡ್ಕೊಂಡೇ ಕೂತಿದ್ದೀರಿ?"

ಬಲಗಡೆ ಹೊಟ್ಟೆಯ ಕೆಳಗೆ, ಹೊಸ ಕಿಡ್ನಿ ಇಟ್ಟ ಜಾಗದಲ್ಲಿ ಪ್ಯಾಂಟಿನ ಪಟ್ಟಿ ಒತ್ತುತ್ತಿತ್ತು. ಕೂತಾಗಲೆಲ್ಲ ಬೆರಳು ತೂರಿಸಿ ಸಡಿಲ ಮಾಡಿಕೊಳ್ಳುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

"ಒತ್ತುತ್ತಾ? ಹೇಳಬಾರದಾ ಮತ್ತೆ. ಎದ್ದು ನಿಂತ್ಕೊಳ್ಳಿ."

"ಬೇಡ ತಂಗಿ, ಈಗ ತಾನೇ ಮೆಷಿನ್ನಿಂದ ಇಳಿದಿದ್ದೀಯ..."

"ನಿಂತ್ಕೊಳ್ಳಿ ಅಂದೆ."

ಅವನು ಎದ್ದು ನಿಂತ. ಅವಳು ಚೀಲದಿಂದ ಅಳತೆಪಟ್ಟಿ ತೆಗೆದು, ನಡುಗುವ ಕೈಯಿಂದಲೇ ಅವನ ಸೊಂಟದ ಸುತ್ತ ತಂದಳು. ಬಲಗಡೆ ಬಂದಾಗ ಬೆರಳು ಮೆಲ್ಲಗಾಯಿತು. ಆ ಉಬ್ಬಿನ ಮೇಲೆ ಪಟ್ಟಿಯನ್ನು ಎಳೆಯದೆ, ಹಾಗೇ ತಾಗಿಸಿ ನೋಡಿದಳು. ಡ್ರೈವರ್ ಎರಡು ಕೈಯನ್ನೂ ಮೇಲೆತ್ತಿ, ಎಲ್ಲಿ ನೋಡಬೇಕೆಂದು ತಿಳಿಯದೆ, ಗೋಡೆ ನೋಡುತ್ತ ನಿಂತ. ಉಸಿರಾಡಿದರೆ ಹೊಟ್ಟೆ ಅವಳ ಕೈಗೆ ತಾಗುತ್ತದೆಂದು ಉಸಿರನ್ನೂ ಬಿಗಿ ಹಿಡಿದಿದ್ದ.

"ಉಸಿರು ಬಿಡಿ ಅಣ್ಣ, ಇಲ್ಲಾಂದ್ರೆ ಅಳತೆ ತಪ್ಪಾಗ್ತದೆ" ಎಂದಳು ಅವಳು. "ಈ ಕಡೆ ಎರಡು ಬೆರಳು ಸಡಿಲ ಬಿಟ್ಟು, ಒಳಗೆ ಮೆತ್ತನೆ ಬಟ್ಟೆ ಕೊಡ್ತೀನಿ. ನಾಳೆ ಅತ್ತಿಗೆ ಕೈಲಿ ನಿಮ್ಮ ಪ್ಯಾಂಟುಗಳನ್ನೆಲ್ಲ ಕಳಿಸಿ."

ಅವನು ಹ್ಞೂಂ ಎಂದ. ಅವಳು ಅಳತೆಪಟ್ಟಿ ಸುತ್ತಿ ಚೀಲಕ್ಕೆ ಹಾಕಿ, ಗೋಡೆ ಹಿಡಿದುಕೊಂಡು ಮೆಲ್ಲಗೆ ಬಸ್ ಸ್ಟಾಪಿನ ಕಡೆ ಹೊರಟಳು.